ಮಳೆ ಬಿಡದ ವಸಂತ, ಹದಕ್ಕೆ ಬಾರದ ಮಣ್ಣು: ತರಕಾರಿ ಮಡಿಗೆ ಇಳಿಯುವುದು ಯಾವಾಗ?

ಓದುಗರ ಪ್ರಶ್ನೆ: ಮನೆಯ ಹಿಂದಿನ ಜಾಗದಲ್ಲಿ ತರಕಾರಿ ಬೆಳೆಯತೊಡಗಿ ಇದು ಎರಡನೆಯ ವರ್ಷ. ಮಣ್ಣು ಜಿಗುಟಾದದ್ದು, ಒಣಗಿದರೆ ಬಿರುಕು ಬಿಡುತ್ತದೆ. ಕಳೆದ ವರ್ಷ ಇಷ್ಟು ಹೊತ್ತಿಗೆ ಬಿತ್ತನೆ, ನಾಟಿ ಎಲ್ಲವೂ ಮುಗಿದಿತ್ತು. ಈ ವಸಂತದಲ್ಲಿ ಐದು ವಾರಗಳಿಂದ ಎರಡು ದಿನ ಸರಿಯಾಗಿ ಬಿಸಿಲು ಬಿದ್ದಿಲ್ಲ. ಮೂರು ವಾರದ ಹಿಂದೆ ಸಿಕ್ಕ ಬಿಡುವಿನಲ್ಲಿ ಬೀನ್ಸ್ ಮತ್ತು ಕ್ಯಾರೆಟ್ ಬಿತ್ತಿದೆ, ಒಂದೂ ಮೇಲೆ ಬಂದಿಲ್ಲ. ಕಿಟಕಿಯ ಪಕ್ಕ ತಟ್ಟೆಗಳಲ್ಲಿ ಎಬ್ಬಿಸಿದ ಟೊಮೇಟೊ ಸಸಿಗಳು ಒಂದಡಿ ಮೀರಿ ಬಾಗತೊಡಗಿವೆ, ಕೆಳಗಿನ ಎಲೆಗಳು ಹಳದಿಯಾಗಿವೆ. ಅಗೆದು ಮಗುಚಿ ಹಾಕಿದರೆ ಮಣ್ಣು ಬೇಗ ಆರುತ್ತದೆ, ಜೊತೆಗೆ ಮರಳು ಬೆರೆಸಿದರೆ ಜಿಗುಟು ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಗೆ ಮಾಡಲೇ? ಇನ್ನೂ ಕಾದರೆ ಈ ವರ್ಷದ ಬೆಳೆಯೇ ಕೈತಪ್ಪುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಚಿಂತೆಗಳು ಹೆಣೆದುಕೊಂಡಿವೆ: ಬಿತ್ತಿದ್ದು ಕೊಳೆಯಿತೇ, ಸಸಿಗಳು ಉಳಿಯುವುವೇ, ಕಾಲ ಮೀರಿತೇ, ಈ ಕೆಸರನ್ನು ಅಗೆಯಬೇಕೇ. ಮೊದಲ ಮೂರರಲ್ಲಿ ಏನೇ ಎಡವಟ್ಟಾದರೂ ಅದು ಈ ಹಂಗಾಮಿಗೆ ಮುಗಿಯುತ್ತದೆ. ಒಂದು ಪೊಟ್ಟಣ ಬೀಜ ಹೋಗಬಹುದು, ಕೊಯ್ಲು ಎರಡು ವಾರ ಹಿಂದೆ ಬೀಳಬಹುದು. ನಾಲ್ಕನೆಯದರಲ್ಲಿ ಆದ ತಪ್ಪು ಮಾತ್ರ ಮಣ್ಣಿನಲ್ಲಿ ಉಳಿದುಕೊಂಡು ಮುಂದಿನ ವರ್ಷಗಳಿಗೂ ದಾಟುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನೇರವಾದ ಉತ್ತರ ಬೇಕೆಂದರೆ: ಈಗ ಅಗೆಯಬೇಡಿ, ಮರಳನ್ನಂತೂ ಬೆರೆಸಲೇಬೇಡಿ.

ಒಳ್ಳೆಯ ತೋಟದ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ಖಾಲಿ ಜಾಗ. ಬೆಳೆಗೆ ಹಿತವಾದ ಸ್ಥಿತಿಯಲ್ಲಿ ಆ ಖಾಲಿ ಜಾಗದ ಒಂದು ಪಾಲನ್ನು ನೀರೂ ಇನ್ನೊಂದು ಪಾಲನ್ನು ಗಾಳಿಯೂ ತುಂಬಿಕೊಂಡಿರುತ್ತವೆ. ಕಣಗಳು ಒಂದಕ್ಕೊಂದು ಅಂಟಿ ಪುಟ್ಟ ಹರಳುಗಳಾಗಿ ನಿಂತಿರುವುದರಿಂದ, ಆ ಹರಳುಗಳ ನಡುವಿನ ದೊಡ್ಡ ಸಂದುಗಳಲ್ಲಿ ಮಳೆಯ ನೀರು ಕೆಳಗಿಳಿದು ಹೋಗಿ ಹಿಂದೆಯೇ ಗಾಳಿ ಒಳಗೆ ಬರುತ್ತದೆ. ಜಿಗುಟು ಮಣ್ಣಿನ ಕಣಗಳು ತೆಳ್ಳನೆಯ ಹಾಳೆಗಳಂತಿದ್ದು, ತುಂಬ ನೆನೆದಾಗ ಒಂದರ ಮೇಲೊಂದು ಜಾರುತ್ತವೆ. ಆ ಸ್ಥಿತಿಯಲ್ಲಿ ಗುದ್ದಲಿಯ ಏಟು ಬಿದ್ದರೆ, ಅಥವಾ ಕಾಲಿನ ಭಾರವಷ್ಟೇ ಬಿದ್ದರೂ, ಹರಳುಗಳು ಒಡೆದು, ಸಂದುಗಳು ಮುಚ್ಚಿ, ಮಣ್ಣು ಮೆತ್ತಿದ ಹಿಟ್ಟಿನಂತೆ ಒಂದೇ ಮುದ್ದೆಯಾಗುತ್ತದೆ. ಬಿಸಿಲು ಬಂದಾಗ ಆ ಮುದ್ದೆ ಹೆಂಟೆಯಾಗಿ ಒಣಗುತ್ತದೆ. ಮುಂದಿನ ಮಳೆಯ ನೀರು ಅದರೊಳಗೆ ಇಳಿಯುವುದಿಲ್ಲ, ಬೇರು ಅದನ್ನು ಸೀಳಲಾರದೆ ಸುತ್ತಿ ಹೋಗುತ್ತದೆ. ಅಗೆದರೆ ಬೇಗ ಆರುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಯೇ ಇರಬೇಕು: ಮಗುಚಿದ ಮಣ್ಣಿನ ಮೇಲ್ಮೈ ಖಂಡಿತ ಬೇಗ ಒಣಗುತ್ತದೆ, ಆದರೆ ಹಾಗೆ ಒಣಗಿದ್ದು ಮಣ್ಣಲ್ಲ, ಹೆಂಟೆ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ತೋಟಗಾರಿಕೆಯ ಸಲಹೆಗಾರನಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ, ಇಂಥದೇ ಒಂದು ಒದ್ದೆ ವಸಂತದಲ್ಲಿ, ತಡವಾಯಿತೆಂಬ ಆತುರಕ್ಕೆ ಒಂದು ಮಡಿಯ ಅರ್ಧಭಾಗವನ್ನು ಕೆಸರಿರುವಾಗಲೇ ಅಗೆಸಿದೆ. ಅಷ್ಟರಲ್ಲಿ ಮತ್ತೆ ಮಳೆ ಸುರಿದುದರಿಂದ ಉಳಿದರ್ಧ ಹಾಗೆಯೇ ಉಳಿಯಿತು. ಹನ್ನೆರಡು ದಿನಗಳ ನಂತರ ಉಳಿದ ಭಾಗ ಹದಕ್ಕೆ ಬಂದಾಗ ಅದನ್ನೂ ಸಿದ್ಧಪಡಿಸಿ ಅದೇ ಬೀಜವನ್ನು ಬಿತ್ತಿದೆವು. ಬೇಸಿಗೆಯ ನಡುವಿಗೆ ತಡವಾಗಿ ಬಿತ್ತಿದ ಅರ್ಧವೇ ಮುಂದಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ವರ್ಷ: ಮೊದಲು ಅಗೆದ ಕಡೆ ಮಳೆ ನಿಂತ ಮರುದಿನವೂ ನೀರು ನಿಂತಿರುತ್ತಿತ್ತು. ಪ್ರತಿ ವರ್ಷ ಕಾಂಪೋಸ್ಟ್ ಹಾಕುತ್ತಾ ಬಂದರೂ ಅದು ಮತ್ತೆ ಪುಡಿಯಾಗಿ ಒಡೆಯಲು ಮೂರು ವರ್ಷ ಹಿಡಿಯಿತು.

ಹಾಗಾದರೆ ಹದ ಬಂದದ್ದು ತಿಳಿಯುವುದು ಹೇಗೆ? ಮೇಲ್ಮೈಯ ಬಣ್ಣವನ್ನು ನಂಬಬೇಡಿ. ಒಂದು ಮಧ್ಯಾಹ್ನದ ಗಾಳಿಗೆ ಮೇಲಿನ ಎರಡು ಬೆರಳಿನಷ್ಟು ಒಣಗಿ ತಿಳಿಯಾಗಿ ಕಾಣುತ್ತದೆ, ಕೆಳಗೆ ಕೆಸರೇ ಇರುತ್ತದೆ. ಮಡಿಯ ಅಂಚಿನಲ್ಲಿ ನಿಂತು 10ರಿಂದ 15 ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಉಂಡೆ ಪುಡಿಯಾಗಿ ಉದುರಿದರೆ ಕೆಲಸಕ್ಕೆ ಇಳಿಯಬಹುದು. ಹೆಬ್ಬೆರಳಿನ ಗುರುತು ಮಾತ್ರ ಮೂಡಿ ಉಂಡೆ ಹಾಗೆಯೇ ನಿಂತರೆ ಇನ್ನೂ ಕಾಯಬೇಕು. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಅದೇ ಮಣ್ಣನ್ನು ಎರಡು ಅಂಗೈಗಳ ನಡುವೆ ಹೊಸೆದು ನೋಡಿ. ಸುಮಾರು 3 ಮಿಲಿಮೀಟರ್ ದಪ್ಪದ ದಾರವಾಗುವವರೆಗೂ ತುಂಡಾಗದೆ ಹೊಸೆಯಲು ಬಂದರೆ ಆ ಮಣ್ಣು ತನ್ನ ಆಕಾರವನ್ನು ಬಿಟ್ಟುಕೊಡುವಷ್ಟು ಒದ್ದೆಯಾಗಿದೆ ಎಂದೇ ಅರ್ಥ. ಮಣ್ಣಿನ ಪ್ರಯೋಗಾಲಯಗಳಲ್ಲೂ ಈ ಗಡಿಯನ್ನು ಗುರುತಿಸುವುದು ಇಂಥದೇ ಹೊಸೆತದಿಂದ.

ಇನ್ನು ಮರಳಿನ ಮಾತು. ಪಕ್ಕದ ಮನೆಯವರು ನಿಮ್ಮ ಒಳಿತಿಗೇ ಹೇಳಿದ್ದಾರೆ, ತರ್ಕವೂ ಮೇಲುನೋಟಕ್ಕೆ ಸರಿಯಾಗಿದೆ. ಆದರೆ ಜಿಗುಟು ಮಣ್ಣಿಗೆ ಸ್ವಲ್ಪ ಮರಳು ಬೆರೆಸಿದಾಗ ಮರಳಿನ ಕಣಗಳು ಒಂದಕ್ಕೊಂದು ತಾಗಿ ಸಂದು ಮಾಡುವುದಿಲ್ಲ. ಜಿಗುಟು ಅವುಗಳ ಸುತ್ತ ತುಂಬಿಕೊಂಡು ಇಟ್ಟಿಗೆಯಂಥ ಗಟ್ಟಿ ಮಿಶ್ರಣವಾಗುತ್ತದೆ. ಮರಳು ಕೆಲಸ ಮಾಡಬೇಕಾದರೆ ಮಿಶ್ರಣದ ಅರ್ಧಕ್ಕಿಂತ ಹೆಚ್ಚು ಅದೇ ಇರಬೇಕು. 10 ಚದರ ಮೀಟರಿನ ಮಡಿಯನ್ನು 20 ಸೆಂಟಿಮೀಟರ್ ಆಳಕ್ಕೆ ಹಾಗೆ ಬದಲಾಯಿಸಲು ಕನಿಷ್ಠ ಒಂದು ಘನ ಮೀಟರ್, ಅಂದರೆ ಸುಮಾರು ಒಂದೂವರೆ ಟನ್ ಮರಳು ಬೇಕಾಗುತ್ತದೆ, ಮತ್ತು ಒಮ್ಮೆ ಹಾಕಿದ ಮರಳನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಜಿಪ್ಸಂ ಹಾಕಿದರೆ ಮಣ್ಣು ಸಡಿಲವಾಗುತ್ತದೆ ಎಂದೂ ಯಾರಾದರೂ ಹೇಳಬಹುದು. ಅದು ಸೋಡಿಯಂ ಹೆಚ್ಚಿರುವ ಚೌಳು ಮಣ್ಣಿಗೆ ಸರಿ, ಉಳಿದ ಜಿಗುಟು ಮಣ್ಣಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಜಿಗುಟನ್ನು ನಿಜವಾಗಿ ಬದಲಿಸುವುದು ಚೆನ್ನಾಗಿ ಕಳಿತ ಕಾಂಪೋಸ್ಟ್, ಅದೂ ವರ್ಷವರ್ಷ ಎರಡು ಮೂರು ಸೆಂಟಿಮೀಟರ್ ದಪ್ಪ ಮೇಲೆ ಹರಡುತ್ತಾ ಬಂದಾಗ. ಎರೆಹುಳುಗಳೂ ಬೇರುಗಳೂ ಅದನ್ನು ಒಳಗೆ ಎಳೆದುಕೊಳ್ಳುತ್ತವೆ.

ಈಗ ನಿಮ್ಮ ಬೀನ್ಸ್ ಮತ್ತು ಕ್ಯಾರೆಟ್ಟಿಗೆ ಬರೋಣ. ನೀರು ಹೆಚ್ಚಾದುದರಿಂದಲೇ ಬೀಜ ಕೊಳೆಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ; ಅದು ಪೂರ್ತಿ ಸರಿಯಲ್ಲ. ಬೀಜಕ್ಕೆ ಬೇಕಾದ ಆಮ್ಲಜನಕ ನೀರಿನೊಳಗೆ ಸಾಗುವ ವೇಗ ಗಾಳಿಯಲ್ಲಿ ಸಾಗುವ ವೇಗಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ, ಆದ್ದರಿಂದ ಸಂದುಗಳೆಲ್ಲ ನೀರಿನಿಂದ ತುಂಬಿದ ಮಣ್ಣಿನಲ್ಲಿ ಬೀಜಕ್ಕೆ ಉಸಿರು ಕಟ್ಟುತ್ತದೆ. ಅದರ ಜೊತೆಗೆ ಚಳಿ. ಒಂದೇ ತೂಕದ ಒಣ ಮಣ್ಣಿಗೆ ಹೋಲಿಸಿದರೆ ನೀರನ್ನು ಬಿಸಿಮಾಡಲು ಸುಮಾರು ಐದು ಪಟ್ಟು ಶಾಖ ಬೇಕು. ಮೇಲಾಗಿ ಆ ನೀರು ಆವಿಯಾಗುವಾಗಲೂ ಮಣ್ಣಿನ ಶಾಖವನ್ನೇ ಹೀರುತ್ತದೆ. ಹೀಗಾಗಿ ಗಾಳಿ ಬೆಚ್ಚಗಾಗಿ ನಮಗೆ ವಸಂತ ಬಂತೆನಿಸಿದರೂ ಒದ್ದೆ ಮಣ್ಣು ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಬೀಜ ಮೊಳೆಯಲಾರದೆ ಮಣ್ಣಿನಲ್ಲಿ ಕಾಯುವ ಆ ದಿನಗಳಲ್ಲಿ, ಒದ್ದೆಯಲ್ಲೇ ಹಬ್ಬುವ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ಅದನ್ನು ತಿಂದುಹಾಕುತ್ತದೆ. ಅದರ ಬೀಜಾಣುಗಳು ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತವೆ. ಮೊಳೆತು ಬಂದ ಎಳೆಯ ಸಸಿಗಳ ಬುಡ ನೀರುನೀರಾಗಿ ಮೆತ್ತಗಾಗಿ ಅಡ್ಡಬೀಳುವ ಸಸಿ ಕೊಳೆಯುವ ರೋಗಕ್ಕೂ ಬಹುಮಟ್ಟಿಗೆ ಕಾರಣ ಅದೇ.

ಎಲ್ಲ ಬೀಜಗಳಿಗೂ ಈ ಅಪಾಯ ಒಂದೇ ಸಮನಾಗಿರುವುದಿಲ್ಲ. ಬೀನ್ಸ್ 10 ಡಿಗ್ರಿ ಸೆಲ್ಸಿಯಸ್‌ನ ಮಣ್ಣಿನಲ್ಲಿ ಮೊಳೆಯುವುದೇ ಇಲ್ಲ. 15 ಡಿಗ್ರಿಯಲ್ಲಿ ಸುಮಾರು 16 ದಿನ, 25 ಡಿಗ್ರಿಯಲ್ಲಿ ಸುಮಾರು 8 ದಿನ ತೆಗೆದುಕೊಳ್ಳುತ್ತದೆ. ಕ್ಯಾರೆಟ್ಟಿನದು ಬೇರೆ ಸ್ವಭಾವ: ಅದು 5 ಡಿಗ್ರಿಯಲ್ಲೂ ಮೊಳೆಯುತ್ತದೆ, ಆದರೆ ಅದಕ್ಕೆ ಸುಮಾರು 50 ದಿನ ಬೇಕು, 10 ಡಿಗ್ರಿಯಲ್ಲಿ 17 ದಿನ, 20 ಡಿಗ್ರಿಯಲ್ಲಿ ಒಂದೇ ವಾರ. ಆದ್ದರಿಂದ ಮೂರು ವಾರವಾದರೂ ಕಾಣದ ನಿಮ್ಮ ಕ್ಯಾರೆಟ್ ಸತ್ತಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಬೀನ್ಸ್ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಸಾಲಿನ ಎರಡು ಮೂರು ಕಡೆ ಕಡ್ಡಿಯಿಂದ ಮಣ್ಣು ಸರಿಸಿ ಬೀಜವನ್ನು ಹೊರತೆಗೆದು ಬೆರಳಿನಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದು, ಒಡೆದರೆ ಒಳಗೆ ಬೆಳ್ಳಗಿದ್ದರೆ ಇನ್ನೊಂದು ವಾರ ಬಿಡಬಹುದು. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಆ ಸಾಲನ್ನು ಮರೆತು, ಮಣ್ಣು ಬೆಚ್ಚಗಾದ ಮೇಲೆ ಹೊಸ ಬೀಜ ಹಾಕಿ. ಕ್ಯಾರೆಟ್ ಸಾಲಿನಲ್ಲಿ ನೋಡಬೇಕಾದ್ದು ಮೇಲ್ಮೈಯನ್ನು. ಜೋರು ಮಳೆಯ ಹನಿಗಳು ಜಿಗುಟು ಮಣ್ಣಿನ ಮೇಲೆ ತೆಳುವಾದ ಹೆಪ್ಪು ಕಟ್ಟುತ್ತವೆ, ಒಣಗಿದಾಗ ಅದು ಹಪ್ಪಳದಂತೆ ಬಿಗಿಯುತ್ತದೆ. ಕ್ಯಾರೆಟ್ಟಿನ ಕೂದಲೆಳೆಯಂಥ ಮೊಳಕೆಗೆ ಅದನ್ನು ಎತ್ತುವ ಶಕ್ತಿಯಿಲ್ಲ. ಒಣಗಲು ಬಿಡದೆ ಹೂಜಲ್ಲಿಯಿಂದ ಲಘುವಾಗಿ ನೀರು ಚಿಮುಕಿಸಿ ಅದನ್ನು ಮೃದುವಾಗಿಡಿ. ಇಷ್ಟು ಮಳೆಯ ಕಾಲದಲ್ಲಿ ನೀರು ಚಿಮುಕಿಸಿ ಎನ್ನುವುದು ವಿಚಿತ್ರವೆನಿಸಬಹುದು, ಆದರೆ ಮಳೆ ನಿಂತ ಮೊದಲ ಬಿಸಿಲಿನ ದಿನಗಳಲ್ಲೇ ಈ ಹೆಪ್ಪು ಹೆಚ್ಚು ಮೊಳಕೆಗಳನ್ನು ಕೊಲ್ಲುತ್ತದೆ.

ಮಣ್ಣಿನ ಉಷ್ಣತೆಯನ್ನು ಊಹಿಸುವ ಬದಲು ಅಳೆಯಿರಿ. ಒಂದು ಸಾಧಾರಣ ಮಣ್ಣಿನ ಥರ್ಮಾಮೀಟರನ್ನು 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಬೆಳಗಿನ ಹೊತ್ತು ಮೂರು ನಾಲ್ಕು ದಿನ ಸತತವಾಗಿ ನೋಡಿ. ಬೀನ್ಸ್, ಸೌತೆ, ಕುಂಬಳಗಳಿಗೆ 16 ಡಿಗ್ರಿಯಾದರೂ ಬೇಕು. ಬಟಾಣಿ, ಪಾಲಕ್, ಮೂಲಂಗಿಗಳಿಗೆ 7ರಿಂದ 10 ಡಿಗ್ರಿ ಸಾಕು.

ಕಾಯುವ ಕಾಲದಲ್ಲಿ ಕೈಕಟ್ಟಿ ಕೂರಬೇಕಾಗಿಲ್ಲ, ದಾರಿಗಳಿವೆ. ಆದರೆ ಪ್ರತಿಯೊಂದಕ್ಕೂ ಅದರದೇ ತೊಂದರೆಯಿದೆ. ಮಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು ಎಲ್ಲಕ್ಕಿಂತ ಸುಲಭ, ಆದರೆ ಅದರ ಹೊತ್ತು ತಿಳಿದಿರಬೇಕು. ನಿಮ್ಮ ಮಣ್ಣು ಹದದ ಹತ್ತಿರ ಬಂದು, ಮತ್ತೆ ಮಳೆಯ ಮುನ್ಸೂಚನೆ ಇರುವಾಗ ಹೊದಿಸಿದರೆ ಗೆದ್ದಂತೆ. ನೀರು ಕುಡಿದು ತುಂಬಿದ ಮಣ್ಣಿನ ಮೇಲೆ ಬಿಗಿಯಾಗಿ ಹೊದಿಸಿ ಬಿಟ್ಟರೆ ಆ ನೀರು ಹೋಗಲು ದಾರಿಯೇ ಇರುವುದಿಲ್ಲ. ಅಂಥಲ್ಲಿ ಬಾಗಿಸಿದ ಕಡ್ಡಿಗಳ ಮೇಲೆ ಕಮಾನಿನಂತೆ ಎತ್ತರಿಸಿ, ಎರಡೂ ತುದಿ ತೆರೆದಿಟ್ಟರೆ ಮಳೆ ತಡೆಯುತ್ತದೆ, ಗಾಳಿಯೂ ಆಡುತ್ತದೆ. ಬಿಸಿಲು ಬಂದ ದಿನ ತುದಿ ತೆರೆಯಲು ಮರೆತರೆ ಒಳಗಿನ ಸಸಿಗಳು ಒಂದೇ ಮಧ್ಯಾಹ್ನಕ್ಕೆ ಬೆಂದುಹೋಗುತ್ತವೆ ಎಂಬುದು ನೆನಪಿರಲಿ.

ಏರು ಮಡಿ ನಿಮ್ಮಂಥ ಮಣ್ಣಿಗೆ ನಾನು ಮನಃಪೂರ್ವಕವಾಗಿ ಹೇಳುವ ಪರಿಹಾರ. ನೆಲಮಟ್ಟಕ್ಕಿಂತ 20ರಿಂದ 30 ಸೆಂಟಿಮೀಟರ್ ಎತ್ತರಿಸಿದ ಮಡಿ ಬೇಗ ಬಸಿಯುತ್ತದೆ, ಬೇಗ ಬೆಚ್ಚಗಾಗುತ್ತದೆ, ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಆದರೆ ಈಗಿನ ಕೆಸರನ್ನೇ ಬಾಚಿ ಏರಿಸಿದರೆ ಅಗೆದಷ್ಟೇ ಹಾನಿ. ಈ ವರ್ಷವೇ ಮಾಡುವುದಾದರೆ ಹೊರಗಿನಿಂದ ತಂದ ಮಣ್ಣು ಮತ್ತು ಕಾಂಪೋಸ್ಟ್ ಮಿಶ್ರಣವನ್ನು ಈಗಿರುವ ನೆಲದ ಮೇಲೆಯೇ, ಒಂದು ಹಲಗೆಯ ಮೇಲೆ ನಿಂತು ಸುರಿಯಿರಿ. ಹಲಗೆ ನಿಮ್ಮ ಭಾರವನ್ನು ಹಂಚುತ್ತದೆ. ಅದಿಲ್ಲದೆ ಮಡಿಯೊಳಗೆ ಹೆಜ್ಜೆಯಿಡಲೇಬೇಡಿ. ಎಲ್ಲ ಮಡಿಗಳಿಗೂ ಸಾಲದಿದ್ದರೆ ಒಂದಕ್ಕಾದರೂ ಮಾಡಿ, ಉಳಿದವನ್ನು ಮಣ್ಣು ಹದವಾಗಿ ಪುಡಿಯಾಗುವ ಕಾಲದಲ್ಲಿ ನಡೆದಾಡುವ ದಾರಿಯ ಮಣ್ಣನ್ನೇ ಎತ್ತಿ ಹಾಕಿ ಏರಿಸಬಹುದು.

ಕುಂಡಗಳಲ್ಲಿ ಬೆಳೆಯುವುದೂ ಸಾಧ್ಯ. ಸೊಪ್ಪು, ಮೂಲಂಗಿಗಳಿಗೆ 15 ಸೆಂಟಿಮೀಟರ್ ಆಳ ಸಾಕು, ಟೊಮೇಟೊಗೆ ಗಿಡಕ್ಕೆ 20 ಲೀಟರಿನಷ್ಟು ಮಣ್ಣಾದರೂ ಬೇಕು. ಕುಂಡದ ತಳದಲ್ಲಿ ಜಲ್ಲಿಕಲ್ಲು ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ಬಹುಕಾಲದ ನಂಬಿಕೆಯನ್ನು ಮಾತ್ರ ಕೈಬಿಡಿ; ಸಣ್ಣ ಸಂದುಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ ಗಡಿಯಲ್ಲೇ ನಿಲ್ಲುತ್ತದೆ, ಒದ್ದೆಯ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ.

ಕೆಲವರು ಇಡೀ ಮಡಿ ಅಗೆಯದೆ ಸಸಿಗೆ ಬೇಕಾದಷ್ಟೇ ಕುಳಿ ತೆಗೆದು ನೆಡುತ್ತಾರೆ. ಒದ್ದೆ ಜಿಗುಟಿನಲ್ಲಿ ಕೈಸಲಿಕೆಯ ಅಲಗು ಕುಳಿಯ ಗೋಡೆಯನ್ನು ಸಾರಿಸಿದಂತೆ ನುಣ್ಣಗೆ ಮಾಡುತ್ತದೆ. ಬೇರು ಆ ಗೋಡೆಯನ್ನು ದಾಟಲಾರದೆ ಕುಂಡದಲ್ಲಿದ್ದಂತೆ ಒಳಗೇ ಸುತ್ತುತ್ತದೆ, ಮಳೆ ಬಂದಾಗ ಕುಳಿ ತೊಟ್ಟಿಯಾಗುತ್ತದೆ. ಇದನ್ನು ನಾನು ಸಲಹೆ ಮಾಡುವುದಿಲ್ಲ.

ಕಳೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಅವು ನಿಮ್ಮ ಮಡಿಯಲ್ಲಿ ಖಂಡಿತ ಎದ್ದಿರುತ್ತವೆ. ಒದ್ದೆಯಲ್ಲಿ ಕಿತ್ತರೆ ಬೇರಿನ ಜೊತೆ ಹೆಂಟೆಯೂ ಬರುತ್ತದೆ, ಕೊಚ್ಚಿ ಅಲ್ಲೇ ಬಿಟ್ಟರೆ ಮತ್ತೆ ಬೇರೂರುತ್ತವೆ. ಅವು ದಿನವೂ ಮಣ್ಣಿನ ನೀರನ್ನು ಎಳೆದು ಎಲೆಗಳಿಂದ ಹೊರಹಾಕುತ್ತಿರುತ್ತವೆ, ಆ ಮಟ್ಟಿಗೆ ನಿಮಗೆ ನೆರವಾಗುತ್ತಿವೆ. ಹೂ ಬಿಡುವ ಮೊದಲು ಕುಡುಗೋಲಿನಿಂದ ನೆಲಮಟ್ಟಕ್ಕೆ ಸವರಿದರೆ ಸದ್ಯಕ್ಕೆ ಸಾಕು.

ಟೊಮೇಟೊ ಸಸಿಗಳಿಗೆ ಮಾತ್ರ ಈ ವಾರವೇ ಗಮನ ಕೊಡಬೇಕು. ಅವು ಉದ್ದವಾದದ್ದು ಬೆಳಕು ಸಾಲದೆ, ಕೆಳಗಿನ ಎಲೆ ಹಳದಿಯಾದದ್ದು ಬಹುಶಃ ತಟ್ಟೆಯ ಸ್ವಲ್ಪ ಮಣ್ಣಿನಲ್ಲಿದ್ದ ಸಾರಜನಕ ಮುಗಿದು. ಪ್ರತಿಯೊಂದನ್ನೂ ದೊಡ್ಡ ಕುಂಡಕ್ಕೆ, ಕೆಳಗಿನ ಎಲೆಗಳನ್ನು ಚಿವುಟಿ ಕಾಂಡದ ಬಹುಭಾಗ ಮುಚ್ಚುವಂತೆ ಆಳವಾಗಿ ಬದಲಾಯಿಸಿ. ಮಣ್ಣಿನೊಳಗೆ ಹೋದ ಟೊಮೇಟೊ ಕಾಂಡ ಉದ್ದಕ್ಕೂ ಬೇರು ಬಿಡುತ್ತದೆ. ದ್ರವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಅರ್ಧದಷ್ಟು ಕೊಡಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ, ಸಾಧ್ಯವಾದಷ್ಟು ತಂಪಾದ, ಬೆಳಕಿರುವ ಕಡೆ ಇಡಿ. ಹೀಗೆ ಇನ್ನೂ ಮೂರು ವಾರ ಅವು ನೆಮ್ಮದಿಯಾಗಿ ಕಾಯಬಲ್ಲವು. ಹೊರಗೆ ನೆಡುವ ಮೊದಲು ಏಳರಿಂದ ಹತ್ತು ದಿನ, ಮೊದಲು ಒಂದೆರಡು ತಾಸು, ಆಮೇಲೆ ದಿನದಿನಕ್ಕೆ ಹೆಚ್ಚು ಹೊತ್ತು ಹೊರಗಿಟ್ಟು ಗಡಸುಗೊಳಿಸಿ. ಮಡಿಗೆ ನೆಡುವಾಗ ಜಿಗುಟು ಮಣ್ಣಿನಲ್ಲಿ ಆಳದ ಕುಳಿ ಬೇಡ, ಏಕೆಂದರೆ ಆಳದಲ್ಲಿಯೇ ಚಳಿಯೂ ನೀರೂ ಹೆಚ್ಚು. ಒಂದು ಗೇಣಿಗಿಂತ ಕಡಿಮೆ ಆಳದ ಉದ್ದನೆಯ ತೋಡಿನಲ್ಲಿ ಕಾಂಡವನ್ನು ಅಡ್ಡ ಮಲಗಿಸಿ, ತುದಿಯನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ಮುಚ್ಚಿದರೆ ಬೆಚ್ಚಗಿನ ಮೇಲ್ಮಣ್ಣಿನಲ್ಲೇ ಬೇರುಗಳು ಹಬ್ಬುತ್ತವೆ.

ಕಾಲ ಮೀರಿತೇ ಎಂಬುದಕ್ಕೆ ಉತ್ತರ ಬೆಳೆಯಿಂದ ಬೆಳೆಗೆ ಬೇರೆ. ಬಟಾಣಿ, ಪಾಲಕ್, ಲೆಟ್ಯೂಸ್‌ಗಳಿಗೆ ಈ ವಸಂತ ನಿಜವಾಗಿಯೂ ಕೈತಪ್ಪುತ್ತಿದೆ. ಹಗಲು ಉದ್ದವಾಗಿ ಸೆಖೆ ಏರಿದೊಡನೆ ಪಾಲಕ್ ಮತ್ತು ಲೆಟ್ಯೂಸ್ ಎಲೆ ಬಿಡುವುದನ್ನು ಬಿಟ್ಟು ಹೂದಂಟು ಎತ್ತುತ್ತವೆ, ಬಟಾಣಿಯ ಹೂ ಉದುರುತ್ತದೆ. ಆ ಬೀಜಗಳನ್ನು ಎತ್ತಿಟ್ಟು ಬೇಸಿಗೆಯ ಕೊನೆಯಲ್ಲಿ ಶರತ್ಕಾಲದ ಬೆಳೆಯಾಗಿ ಬಿತ್ತಿ. ಬೆಚ್ಚನೆಯ ಹಂಗಾಮಿನ ಬೆಳೆಗಳಲ್ಲಿ ನಷ್ಟ ನಾವು ಹೆದರುವಷ್ಟಿಲ್ಲ. ತಣ್ಣನೆಯ ಮಣ್ಣಿನಲ್ಲಿ ಮೂರು ವಾರ ಮೊದಲೇ ಹಾಕಿದ ಬೀನ್ಸ್ ಮತ್ತು ಬೆಚ್ಚಗಾದ ಮೇಲೆ ಹಾಕಿದ ಬೀನ್ಸ್ ಕೊಯ್ಲಿಗೆ ಬರುವ ಹೊತ್ತಿಗೆ ಆ ಅಂತರ ಕೆಲವೇ ದಿನಗಳಿಗೆ ಇಳಿದಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ ಸಾಮಾನ್ಯವಾಗಿ ಯಾವಾಗ ಬರುತ್ತದೆಯೋ ಆ ದಿನದಿಂದ ಹಿಂದಕ್ಕೆ ಎಣಿಸಿ: ಬೀಜದ ಪೊಟ್ಟಣದ ಮೇಲೆ ಬರೆದ ದಿನಗಳು, ಹಗಲು ಕುಗ್ಗುವಾಗ ಬೆಳವಣಿಗೆ ನಿಧಾನವಾಗುವುದಕ್ಕೆ ಇನ್ನೆರಡು ವಾರ, ಜೊತೆಗೆ ಕೊಯ್ಲಿಗೆ ಬೇಕೆನಿಸಿದ ವಾರಗಳು. ಪೊದೆ ಬೀನ್ಸ್‌ಗೆ 50ರಿಂದ 60 ದಿನ, ಮೂಲಂಗಿಗೆ 25ರಿಂದ 30 ದಿನ. ಟೊಮೇಟೊ ದಿನಗಳನ್ನು ಸಸಿ ನೆಟ್ಟ ದಿನದಿಂದ ಲೆಕ್ಕ ಹಾಕುತ್ತಾರೆ. ನಿಮ್ಮ ಲೆಕ್ಕ ಬಿಗಿಯಾದರೆ 60 ದಿನದೊಳಗೆ ಹಣ್ಣಾಗುವ ತಳಿಯ ನಾಲ್ಕಾರು ಸಸಿಗಳನ್ನು ಜೊತೆಗಿಟ್ಟುಕೊಳ್ಳಿ.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಐದು ವಾರದ ಮಳೆ ಮಣ್ಣಿನ ನೈಟ್ರೇಟನ್ನು ತೊಳೆದು ಕೆಳಗಿಳಿಸಿರುತ್ತದೆ, ಗಾಳಿಯಿಲ್ಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಇನ್ನೊಂದು ಪಾಲನ್ನು ಅನಿಲವಾಗಿ ಹಾರಿಸಿರುತ್ತವೆ. ಇದನ್ನು ತುಂಬಲು ಈಗಲೇ ಗೊಬ್ಬರ ಎರಚಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನೆಟ್ಟು ಎರಡು ವಾರವಾಗಿ ಬೇರು ಹಿಡಿದ ಮೇಲೆ ಸಾಲಿನ ಪಕ್ಕ ಸ್ವಲ್ಪ ಸ್ವಲ್ಪವಾಗಿ ಕೊಡಿ. ಹಸಿ ಸಗಣಿ ಗೊಬ್ಬರವನ್ನು ತಡವಾದ ನಾಟಿಗೆ ಬಳಸಲೇಬಾರದು. ಅದರಲ್ಲಿನ ರೋಗಾಣುಗಳು ಸಾಯಲು ತಿಂಗಳುಗಳು ಬೇಕು, ಹಸಿಯಾಗಿ ತಿನ್ನುವ ಕ್ಯಾರೆಟ್, ಮೂಲಂಗಿಗಳು ಆ ಮಣ್ಣಿನೊಳಗೇ ಬೆಳೆಯುತ್ತವೆ.

ಮಳೆ ನಿಂತ ಮೊದಲ ದಿನ ಮಡಿಗೆ ಇಳಿಯುವ ಮನಸ್ಸಾಗುತ್ತದೆ. ಅಂದು ಮಡಿಯ ಹೊರಗೆ, ನೀರು ನಿಂತ ತಗ್ಗಿನಿಂದ ಇಳಿಜಾರಿನ ಕಡೆಗೆ ಒಂದು ಗೇಣು ಆಳದ ಬಸಿಗಾಲುವೆ ತೆಗೆಯಿರಿ. ನಂತರ ದಿನವೂ ಬೆಳಿಗ್ಗೆ ಉಂಡೆ ಕಟ್ಟಿ ಒತ್ತಿ ನೋಡಿ. ಬಿಸಿಲು ಗಾಳಿ ಚೆನ್ನಾಗಿದ್ದರೂ ನಿಮ್ಮಂಥ ಮಣ್ಣಿಗೆ ನಾಲ್ಕರಿಂದ ಏಳು ದಿನ ಹಿಡಿಯಬಹುದು. ಎಲ್ಲ ಮಡಿಗಳೂ ಒಂದೇ ದಿನ ಹದಕ್ಕೆ ಬರುವುದಿಲ್ಲ. ಎತ್ತರದ, ಬಿಸಿಲು ಬೀಳುವ ಅಂಚು ಮೊದಲು ಬರುತ್ತದೆ. ಅಲ್ಲಿ ಮೇಲಿನ ಐದಾರು ಸೆಂಟಿಮೀಟರನ್ನಷ್ಟೇ ಸಡಿಲಿಸಿ ಬೀನ್ಸ್ ಬಿತ್ತಿ, ಟೊಮೇಟೊವನ್ನು ಅದರ ನಂತರ ಬರುವ ಮಡಿಗೆ ಇಟ್ಟುಕೊಳ್ಳಿ, ತಗ್ಗಿನ ಮೂಲೆಯನ್ನು ಕೊನೆಗೆ ಬಿಡಿ. ಆ ಮೂಲೆ ಹದಕ್ಕೆ ಬರುವಷ್ಟರಲ್ಲಿ ಬೇಸಿಗೆ ಬಂದಿದ್ದರೆ ಅಲ್ಲಿ ಏನೂ ನೆಡದೆ ಕಾಂಪೋಸ್ಟ್ ಹರಡಿ ಒಣಹುಲ್ಲು ಹೊದಿಸಿ, ಶರತ್ಕಾಲದ ಪಾಲಕ್ ಮತ್ತು ಲೆಟ್ಯೂಸಿಗೆ ಅದನ್ನೇ ಮೀಸಲಿಡಿ.